ಪುಸ್ತಕದೊಳಗಿನ ಕಾಡು ಯಾವ ಊರಿನದು?

ಪ್ರಶ್ನೆ: ಬೆಂಗಳೂರಿನ ಕೆಲಸ ಬಿಟ್ಟು ಎರಡು ವರ್ಷದ ಹಿಂದೆ ಚಿಕ್ಕಮಗಳೂರು ಜಿಲ್ಲೆಯ ಆಲ್ದೂರು ಹತ್ತಿರದ ನಮ್ಮ ಕಾಫಿ ತೋಟಕ್ಕೆ ಬಂದೆವು. ಮರಗಳು ಒಂದಕ್ಕೊಂದು ಮಾತಾಡುತ್ತವೆ, ತಾಯಿಮರ ತನ್ನ ಮರಿಗಳಿಗೆ ಬೇರಿನ ಮೂಲಕ ಊಟ ಕೊಡುತ್ತದೆ ಎಂದು ಹೇಳುವ ಜರ್ಮನಿಯ ಪುಸ್ತಕವೊಂದನ್ನು ಇಂಗ್ಲಿಷಿನಲ್ಲಿ ಓದಿದೆ. ಒಂಬತ್ತು ವರ್ಷದ ಮಗನಿಗೂ ಅದರ ಕತೆ ಹೇಳಿದೆ. ಈಗ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಶುರುವಾಗಿದೆ, ಅವನು ಕೆಲಸದವರನ್ನು ಮರ ಹತ್ತಲು ಬಿಡುತ್ತಿಲ್ಲ! ಆ ಪುಸ್ತಕದಲ್ಲಿ ಇರುವುದೆಲ್ಲ ನಿಜವೇ? ಕಾಡು, ಮರ, ನಮಗೂ ಪ್ರಕೃತಿಗೂ ಇರುವ ನಂಟಿನ ಬಗ್ಗೆ ಏನು ಓದಬೇಕು, ಯಾವುದರಿಂದ ಶುರು ಮಾಡಬೇಕು? ಜೊತೆಗೆ ಕಾಫಿ ಒಣಗಿಸುವ ಕಣದ ಪಕ್ಕದ ಒಂದು ದೊಡ್ಡ ಮರದ ಎಲೆಯ ಫೋಟೊ ಕಳಿಸಿದ್ದೇನೆ. ಹೆಸರು ತಿಳಿಸಿ.

ಉತ್ತರ: ನಿಮ್ಮ ಮಗ ಏಣಿಗೆ ಅಡ್ಡ ನಿಂತಿರುವುದು ಕಣ್ಣಿಗೆ ಕಟ್ಟಿ ಮೊದಲು ನಗು ಬಂತು. ಆಮೇಲೆ, ಒಂದು ಪುಸ್ತಕದ ಕತೆ ಕೇಳಿ ಹುಡುಗ ಮರದ ಪರ ನಿಂತನಲ್ಲ, ಇದೇನು ಸಣ್ಣ ವಿಷಯವೇ ಅನಿಸಿತು. ಅವನನ್ನು ಬೈಯಬೇಡಿ. ಆದರೆ ಮರಗಸಿಯನ್ನೂ ನಿಲ್ಲಿಸಬೇಡಿ. ಅದು ಯಾಕೆ ಅಂತ ಹೇಳಿಬಿಟ್ಟು ಪುಸ್ತಕಕ್ಕೆ ಬರುತ್ತೇನೆ.

ಮಳೆಗಾಲದಲ್ಲಿ ನೆರಳು ದಟ್ಟವಾಗಿದ್ದರೆ ತೋಟದೊಳಗೆ ಗಾಳಿ ಆಡುವುದಿಲ್ಲ. ಎಲೆ, ಕಾಯಿ ಎಲ್ಲ ಒದ್ದೆಯಾಗಿಯೇ ಇದ್ದು ಕೊಳೆರೋಗ ಹಿಡಿಯುತ್ತದೆ. ಹಾಗಂತ ಸಿಕ್ಕಾಪಟ್ಟೆ ಕೊಂಬೆ ಸವರಿದರೆ ಬಿಸಿಲು ನೇರವಾಗಿ ಅರೇಬಿಕಾ ಕಾಫಿಯ ಕಾಂಡಕ್ಕೆ ಬೀಳುತ್ತದೆ. ಬಿಳಿ ಕಾಂಡಕೊರಕ ಎಂಬ ಹುಳಕ್ಕೆ ಅದೇ ಹಬ್ಬ. ಯಾವ ಕೊಂಬೆ ತೆಗೆಯಬೇಕು, ಯಾವುದನ್ನು ಬಿಡಬೇಕು ಎನ್ನುವುದು ಮರ ಹತ್ತುವವರ ಕಣ್ಣಳತೆಯಲ್ಲಿ ಇರುತ್ತದೆ. ನೆರಳಿಗೆ ಬೆಳೆಸುವ ಹಾಲುವಾಣದ ಮರವನ್ನು ಬೋಳಿಸಿದರೂ ಮತ್ತೆ ಚಿಗುರುತ್ತದೆ. ಹಲಸಿಗೆ ಹಾಗೆ ಮಾಡಬಾರದು ಅಂತ ಅವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅಂದ ಹಾಗೆ, ಕಾಫಿಗೆ ಈ ರೋಗ ತರುವ ಶಿಲೀಂಧ್ರಕ್ಕೆ 19ನೇ ಶತಮಾನದಲ್ಲಿ ಇಟ್ಟ ವೈಜ್ಞಾನಿಕ ಹೆಸರಿನಲ್ಲೇ ‘ಕೊಳೆರೋಗ’ ಅಂತ ಇದೆ. ನಮ್ಮ ತೋಟದ ಮಾತು ಹೋಗಿ ಲ್ಯಾಟಿನ್ ಪಕ್ಕ ಕೂತಿದೆ, ನೋಡಿ.

ಈಗ ಪುಸ್ತಕ. ನಾನು ಹಾಸನದಲ್ಲಿ ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವನು. ಕಾಡಿನ ಬಗ್ಗೆ ಯಾವುದೇ ಪುಸ್ತಕ ಕೈಗೆ ಬಂದರೂ ನಾನು ಮೊದಲು ಕೇಳಿಕೊಳ್ಳುವುದು ಒಂದೇ: ಇದರೊಳಗಿನ ಕಾಡು ಯಾವ ಊರಿನದು? ಲೇಖಕ ಯಾವ ಮರದ ಕೆಳಗೆ ನಿಂತು ಬರೆದ? ಇದು ಗೊತ್ತಾದರೆ ಅವನ ಯಾವ ಮಾತನ್ನು ನಮ್ಮ ತೋಟಕ್ಕೆ ತರಬಹುದು, ಯಾವುದನ್ನು ಅಲ್ಲೇ ಬಿಟ್ಟು ಬರಬೇಕು ಅಂತ ತಿಳಿಯುತ್ತದೆ.

ನೀವು ಹೆಸರು ಬರೆದಿಲ್ಲ. ವಿವರ ನೋಡಿದರೆ ಅದು ಪೀಟರ್ ವೋಲ್‌ಲೇಬೆನ್ ಅವರ ಪುಸ್ತಕವೇ ಇರಬೇಕು. ಅವರು ಜರ್ಮನಿಯ ಐಫೆಲ್ ಎಂಬ ಗುಡ್ಡಗಾಡಿನಲ್ಲಿ ಕಾಡು ನೋಡಿಕೊಳ್ಳುತ್ತಿದ್ದ ಅರಣ್ಯಾಧಿಕಾರಿ. ಪುಸ್ತಕ 2015ರಲ್ಲಿ ಜರ್ಮನ್ ಭಾಷೆಯಲ್ಲಿ ಬಂತು, ಮರುವರ್ಷ ಇಂಗ್ಲಿಷಿಗೆ ಬಂದು ಲೋಕವೆಲ್ಲ ಸುತ್ತಿತು. ನನಗೂ ಅದು ಇಷ್ಟ. ಕಡಿದು ಎಷ್ಟೋ ಕಾಲವಾದ ಬೀಚ್ ಮರದ ಬೊಡ್ಡೆ ಇನ್ನೂ ಹಸಿರಾಗಿ ಬದುಕಿದೆ, ಅಕ್ಕಪಕ್ಕದ ಮರಗಳೇ ಅದನ್ನು ಸಾಕುತ್ತಿವೆ ಎಂದು ಅವರು ಬರೆಯುವಾಗ ಕಲ್ಲುಮನಸ್ಸಿನವರೂ ಕರಗುತ್ತಾರೆ. ಆದರೆ ಅವರ ಕಾಡು ಬೀಚ್ ಮರದ ಕಾಡು. ವರ್ಷಕ್ಕೊಮ್ಮೆ ಎಲೆ ಉದುರಿಸಿ ಹಿಮದಲ್ಲಿ ನಿಲ್ಲುವ, ಒಂದೇ ಜಾತಿಯ ಮರ ಸಾಲುಸಾಲಾಗಿ ಹಬ್ಬಿರುವ ಕಾಡು. ನಮ್ಮ ಕಡೆಯ ಹಸಿರು ಕಾಡಿನಲ್ಲಿ ಒಂದು ಜಾತಿಯ ಮರ ಕಂಡರೆ ಅದೇ ಜಾತಿಯ ಇನ್ನೊಂದಕ್ಕೆ ಎಷ್ಟೋ ದೂರ ನಡೆಯಬೇಕು. ಅಷ್ಟೇ ಅಲ್ಲ, ಆ ಪುಸ್ತಕಗಳಲ್ಲಿ ಬರುವ ಹಾಗೆ ಬೊಡ್ಡೆಯ ಬಳೆ ಎಣಿಸಿ ವಯಸ್ಸು ಹೇಳುವುದೂ ಇಲ್ಲಿ ಎಲ್ಲ ಮರಕ್ಕೆ ನಡೆಯುವುದಿಲ್ಲ. ತೇಗದಲ್ಲಿ ಬಳೆ ಸ್ಪಷ್ಟ. ನಿತ್ಯ ಹಸಿರಾಗಿರುವ ಮರಗಳಲ್ಲಿ ಎಷ್ಟೋ ಸಲ ಬಳೆಯೇ ಕಾಣುವುದಿಲ್ಲ.

ಮರಗಳ ಮಾತಿನ ಕತೆ ಹುಟ್ಟಿದ್ದು ಕೆನಡಾದ ಒಂದು ಪ್ರಯೋಗದಿಂದ. ಸುಝಾನ್ ಸಿಮಾರ್ಡ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು ಬರ್ಚ್, ಡಗ್ಲಸ್ ಫರ್ ಎಂಬ ಎರಡು ಜಾತಿಯ ಗಿಡಗಳನ್ನು ಅಕ್ಕಪಕ್ಕ ಬೆಳೆಸಿದರು. ಒಂದೊಂದಕ್ಕೂ ಚೀಲ ಕಟ್ಟಿ, ಗುರುತು ಹಚ್ಚಿದ ಇಂಗಾಲ ಇರುವ ಗಾಳಿ ಕೊಟ್ಟರು. ಸ್ವಲ್ಪ ದಿನ ಬಿಟ್ಟು ನೋಡಿದರೆ ಒಂದಕ್ಕೆ ಕೊಟ್ಟ ಇಂಗಾಲ ಇನ್ನೊಂದರಲ್ಲಿ ಸಿಕ್ಕಿತು. ಫರ್ ಗಿಡಕ್ಕೆ ನೆರಳು ಮಾಡಿದಷ್ಟೂ ಬರ್ಚ್‌ನಿಂದ ಹೆಚ್ಚು ಬಂತು. ಎರಡರ ಬೇರಿಗೂ ಹೆಣೆದುಕೊಂಡ ಶಿಲೀಂಧ್ರದ ಎಳೆಗಳೇ, ಅಂದರೆ ಅಣಬೆಯ ಕುಲದವೇ, ಇದನ್ನು ಸಾಗಿಸಿರಬೇಕು ಎಂದರು. 1997ರಲ್ಲಿ ಇದು ‘ನೇಚರ್’ ಪತ್ರಿಕೆಯಲ್ಲಿ ಬಂತು. ಪ್ರಯೋಗ ಅಚ್ಚುಕಟ್ಟಾದದ್ದೇ. ತಾಯಿಮರ ಎಂಬ ಮಾತು ಜನಪ್ರಿಯವಾಗಿದ್ದೂ ಸಿಮಾರ್ಡ್ ಅವರಿಂದಲೇ.

ಅದರಲ್ಲಿ ಯಾರೂ ಹೇಳದ ಒಂದು ವಿಷಯ ನನಗೆ ಬಹಳ ಮುಖ್ಯ. ಪಕ್ಕದಲ್ಲೇ ಸೀಡರ್ ಜಾತಿಯ ಮೂರನೇ ಗಿಡವೂ ಇತ್ತು. ಅದಕ್ಕೆ ಸಿಕ್ಕಿದ್ದು ತೀರಾ ಕಡಿಮೆ. ಯಾಕೆಂದರೆ ಅದರ ಬೇರಿನ ಶಿಲೀಂಧ್ರವೇ ಬೇರೆ ಬಗೆಯದು. ಬರ್ಚ್, ಫರ್, ಬೀಚ್ ಇವುಗಳ ಶಿಲೀಂಧ್ರ ಬೇರಿನ ತುದಿಗೆ ಹೊರಗಿನಿಂದ ಟೋಪಿ ಹಾಕಿದಂತೆ ಸುತ್ತಿಕೊಳ್ಳುತ್ತದೆ, ನೆಲದ ಮೇಲೆ ಅಣಬೆ ಏಳಿಸುತ್ತದೆ. ಸೀಡರಿನದ್ದು ಬೇರಿನ ಜೀವಕೋಶದೊಳಕ್ಕೇ ಹೋಗಿ ಕೂರುವ ಜಾತಿ, ಅಣಬೆಯನ್ನೇ ಬಿಡುವುದಿಲ್ಲ. ಈಗ ನಿಮ್ಮ ತೋಟ ನೋಡಿ. ಹಲಸು, ಮಾವು, ಕಾಫಿ ಗಿಡ ಎಲ್ಲವೂ ಸೀಡರಿನ ಗುಂಪಿಗೆ ಸೇರಿದವು. ನಮ್ಮ ಘಟ್ಟದಲ್ಲಿ ಆ ಟೋಪಿ ಬಗೆಯ ಶಿಲೀಂಧ್ರದ ಜೊತೆ ಬಾಳುವ ದೊಡ್ಡ ಮರಗಳು ಅಂದರೆ ಧೂಪ, ಕಿರಾಲುಬೋಗಿಯಂಥ ಕೆಲವೇ. ಹಾಗಾಗಿ ಐಫೆಲ್‌ನ ಬೀಚ್ ಕಾಡಿನ ಕತೆಯನ್ನು ಆಲ್ದೂರಿನ ಹಲಸಿಗೆ ಹಾಗೇ ತೊಡಿಸಿದರೆ ಅಳತೆ ಸರಿಬರುವುದಿಲ್ಲ.

ಅಲ್ಲೂ ಅದು ಪೂರ್ತಿ ಸರಿಬಂದಿದೆಯೇ ಎನ್ನುವ ಜಗಳ ಇದೆ. 2023ರಲ್ಲಿ ಮೂವರು ವಿಜ್ಞಾನಿಗಳು ಈ ಕ್ಷೇತ್ರದ ಸಂಶೋಧನೆಗಳನ್ನೆಲ್ಲ ಮತ್ತೆ ಓದಿ ತೂಗಿ ನೋಡಿದರು. ಅವರಲ್ಲಿ ಮೆಲನಿ ಜೋನ್ಸ್ ಎಂಬುವವರು 1997ರ ಪ್ರಯೋಗದಲ್ಲಿ ಸಿಮಾರ್ಡ್ ಜೊತೆಗಿದ್ದವರೇ. ಕಾಡಿನಲ್ಲಿ ಇಂಥ ಜಾಲ ಎಲ್ಲೆಡೆ ಇದೆ ಎನ್ನಲು, ಅದರಿಂದ ಸಸಿಗಳಿಗೆ ಲಾಭ ಎನ್ನಲು ಸಾಕ್ಷಿ ಸಾಲದು ಎಂದರು. ದೊಡ್ಡ ಮರ ತನ್ನದೇ ಮರಿಗಳನ್ನು ಆರಿಸಿ ಸಾಕುತ್ತದೆ ಎನ್ನುವುದಕ್ಕೆ ಕಾಡಿನಲ್ಲಿ ನಡೆದ ಪ್ರಯೋಗದ ಆಧಾರವೇ ಇಲ್ಲ ಎಂದರು. ತನ್ನ ಹಳೆಯ ಕೆಲಸವನ್ನೇ ಹೀಗೆ ಪಕ್ಕಕ್ಕಿಟ್ಟು ನೋಡುವ ಎದೆಗಾರಿಕೆ ಎಷ್ಟು ಜನಕ್ಕಿದೆ ಹೇಳಿ. ಆ ಜರ್ಮನ್ ಪುಸ್ತಕ ಓದಿದವರು ಈ ಜಗಳವನ್ನೂ ಓದಿದರೆ ಪುಸ್ತಕದ ರುಚಿ ಕೆಡುವುದಿಲ್ಲ, ಹೆಚ್ಚುತ್ತದೆ.

ಮಗನಿಗೆ ಏನು ಹೇಳುವುದು? ಮರ ಮಾತಾಡುವುದಿಲ್ಲ ಅಂತ ಮುಖ ಬಾಡಿಸಬೇಡಿ. ತೋಟದ ಅತ್ತಿ ಮರದ ಹತ್ತಿರ ಕರೆದುಕೊಂಡು ಹೋಗಿ ಒಂದು ಕಾಯಿ ಬಿಚ್ಚಿ ತೋರಿಸಿ. ಅತ್ತಿ ಹಣ್ಣು ಬಿಚ್ಚಿದರೆ ಬರೀ ಹುಳ ಅಂತ ನಾವು ಗಾದೆಯಲ್ಲಿ ಮೂಗು ಮುರಿಯುತ್ತೇವಲ್ಲ, ಆ ಹುಳವೇ ಇಲ್ಲಿ ಕತೆಯ ನಾಯಕಿ. ಅತ್ತಿ ಕಾಯಿ ಅಂದರೆ ಒಳಮುಖವಾಗಿ ಅರಳಿದ ನೂರಾರು ಹೂಗಳ ಒಂದು ಗಡಿಗೆ. ಗಡಿಗೆಯ ಬಾಯಿ ಸೂಜಿಯ ಕಣ್ಣಷ್ಟು. ಕಡಜದ ಜಾತಿಯ ಒಂದು ಪುಟ್ಟ ಹೆಣ್ಣು ಹುಳ ಅದರಲ್ಲಿ ನುಸುಳುವಾಗ ರೆಕ್ಕೆ ಕಳಚಿಹೋಗುತ್ತದೆ. ಒಳಗೆ ಪರಾಗ ಹಂಚಿ, ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತದೆ. ಅದರ ಗಂಡುಮರಿಗಳಿಗೆ ರೆಕ್ಕೆಯೇ ಇಲ್ಲ. ಅವು ಕೂಡಿ, ಹೊರದಾರಿ ಕೊರೆದುಕೊಟ್ಟು ಜೀವ ಬಿಡುತ್ತವೆ. ಹೆಣ್ಣುಮರಿಗಳು ಮೈಗೆ ಪರಾಗ ಹೊತ್ತು ಆ ದಾರಿಯಲ್ಲಿ ಹಾರಿ ಇನ್ನೊಂದು ಅತ್ತಿಯನ್ನು ಹುಡುಕುತ್ತವೆ. ಅತ್ತಿಗೆ ಅತ್ತಿಯದೇ ಹುಳ, ಬಸರಿಗೆ ಬಸರಿಯದೇ ಹುಳ. ಹುಳ ಇಲ್ಲದಿದ್ದರೆ ಬೀಜ ಇಲ್ಲ, ಮರ ಇಲ್ಲದಿದ್ದರೆ ಹುಳ ಇಲ್ಲ. ಇದಕ್ಕಿಂತ ದೊಡ್ಡ ಮಾತುಕತೆ ಬೇಕಾ? ಕಾಡಿನಲ್ಲಿ ಬೇರೆ ಹಣ್ಣಿಲ್ಲದ ದಿನಗಳಲ್ಲಿ ಕುಟ್ರ ಹಕ್ಕಿ, ಮಂಗಟ್ಟೆ, ಬಾವಲಿ ಎಲ್ಲ ಬದುಕುವುದು ಈ ಜಾತಿಯ ಮರಗಳನ್ನು ನಂಬಿ. ನಿಮ್ಮ ಹಿರಿಯರು ತೋಟದಲ್ಲಿ ಅತ್ತಿ, ಬಸರಿ, ಗೋಣಿ ಉಳಿಸಿಕೊಂಡಿದ್ದರೆ ಅದು ನಿಮ್ಮ ಪುಣ್ಯ. ಎಲ್ಲ ಕಡಿದು ಸಿಲ್ವರ್ ಓಕ್ ಹಾಕಿದ್ದರೆ, ಹೋಗಲಿ ಬಿಡಿ, ಮೆಣಸಿನ ಬಳ್ಳಿಗಾದರೂ ಆಸರೆಯಾಯಿತು. ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ, ಓಕ್ ಕುಲಕ್ಕೂ ಅದಕ್ಕೂ ಸಂಬಂಧ ಇಲ್ಲ.

ಯಾವುದರಿಂದ ಶುರು ಮಾಡಬೇಕು ಅಂದಿರಲ್ಲ. ನೀವು ಇರುವ ಜಾಗದಲ್ಲಿ ಅದಕ್ಕೆ ಎರಡನೇ ಉತ್ತರವೇ ಇಲ್ಲ. ಆಲ್ದೂರಿನಿಂದ ಮೂಡಿಗೆರೆ ಎಷ್ಟು ದೂರ? ಪೂರ್ಣಚಂದ್ರ ತೇಜಸ್ವಿ ಅವರ ‘ಪರಿಸರದ ಕತೆ’ಯನ್ನು ರಾತ್ರಿ ಊಟವಾದ ಮೇಲೆ ಮಗನಿಗೆ ಗಟ್ಟಿಯಾಗಿ ಓದಿ ಹೇಳಿ. ಅವರು ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡು, 2007ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಅವರ ಬರಹದಲ್ಲಿ ಪ್ರಕೃತಿಗೆ ಕೈಮುಗಿಯುವ ಸೀನೇ ಇಲ್ಲ. ನಾಯಿ ಇದೆ, ಹಂದಿ ಬೇಟೆ ಇದೆ, ತೋಟದ ಗೋಳು ಇದೆ, ಮೀನು ಹಿಡಿಯುವ ಹುಚ್ಚು ಇದೆ. ನಗುನಗುತ್ತಾ ಓದುತ್ತಿರುವಾಗಲೇ ಕಾಡು ಬಂದು ಪಕ್ಕದಲ್ಲಿ ಕೂತಿರುತ್ತದೆ.

ಅದಾದ ಮೇಲೆ ನಿಮಗೆ ‘ಕರ್ವಾಲೊ’. 1980ರ ಕಾದಂಬರಿ. ಹೈಸ್ಕೂಲಿನಲ್ಲಿ ಓದಿದ್ದೇನೆ ಅನ್ನಬೇಡಿ, ತೋಟಕ್ಕೆ ಬಂದ ಮೇಲೆ ಓದಿದರೆ ಅದು ಬೇರೆಯೇ ಪುಸ್ತಕ. ವಿಜ್ಞಾನಿ ಕರ್ವಾಲೊ ಹಾರುವ ಓತಿಯನ್ನು ಹುಡುಕುತ್ತಾರೆ. ಅದನ್ನು ಕಂಡವನು ಮಂದಣ್ಣ. ಊರವರ ಲೆಕ್ಕದಲ್ಲಿ ಅವನು ಕೆಲಸಕ್ಕೆ ಬಾರದವನು. ಕರ್ವಾಲೊ ಒಬ್ಬರೇ ಅವನ ಕಣ್ಣಿನ ಬೆಲೆ ತಿಳಿದವರು. ನಾನು ಆ ಕಾದಂಬರಿಯನ್ನು ಓತಿಯ ಕತೆಗಿಂತ ಹೆಚ್ಚಾಗಿ ಈ ಇಬ್ಬರ ಕತೆ ಅಂತಲೇ ಓದುತ್ತೇನೆ. ನಿಮ್ಮ ತೋಟದಲ್ಲೂ ಒಬ್ಬ ಮಂದಣ್ಣ ಇರುತ್ತಾನೆ. ಬಹುಶಃ ನಿಮ್ಮ ಮಗ ಏಣಿಗೆ ಅಡ್ಡ ನಿಂತು ತಡೆದದ್ದು ಅವನನ್ನೇ ಇರಬಹುದು! ಹಾರುವ ಓತಿ ಸುಮ್ನೆ ಕಟ್ಟಿದ್ದಲ್ಲ. ನಮ್ಮ ಅಡಿಕೆ ತೋಟಗಳಲ್ಲಿ ಪಕ್ಕೆಲುಬಿನ ಚರ್ಮವನ್ನು ಕೊಡೆಯಂತೆ ಬಿಚ್ಚಿ ಒಂದು ಮರದಿಂದ ಇನ್ನೊಂದಕ್ಕೆ ತೇಲಿ ಹೋಗುವ ಓತಿ ಈಗಲೂ ಇದೆ. ಇರುವೆ ತಿನ್ನುತ್ತಾ ಮರದ ಕಾಂಡಕ್ಕೆ ಅಂಟಿಕೊಂಡಿದ್ದರೆ ಕಣ್ಣೆದುರಿಗಿದ್ದರೂ ಕಾಣುವುದಿಲ್ಲ.

ಎರಡನೆಯವರು ಬಿ.ಜಿ.ಎಲ್. ಸ್ವಾಮಿ. ಡಿ.ವಿ.ಜಿ. ಅವರ ಮಗ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ಅವರ ‘ಹಸುರು ಹೊನ್ನು’ 1976ರಲ್ಲಿ ಬಂತು, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿ ಗಿಡ ಹುಡುಕಿದ ಕತೆ ಅದು. ಚಿತ್ರಗಳೂ ಅವರದೇ ಕೈಯವು. ಸಸ್ಯಶಾಸ್ತ್ರವನ್ನು ಹೊಟ್ಟೆ ಹುಣ್ಣಾಗುವ ಹಾಗೆ ನಗಿಸುತ್ತಾ ಹೇಳಬಹುದು ಅಂತ ಕನ್ನಡಕ್ಕೆ ತೋರಿಸಿದವರು ಅವರು. ಆದರೆ ತಮಾಷೆ ನೋಡಿ ಮೋಸ ಹೋಗಬೇಡಿ. ಅವರು ಹಾರ್ವರ್ಡ್‌ನಲ್ಲಿ ಇರ್ವಿಂಗ್ ಬೇಲಿ ಎಂಬ ದೊಡ್ಡ ವಿಜ್ಞಾನಿಯ ಜೊತೆ ಕೆಲಸ ಮಾಡಿ, ಮುಂದೆ ಒಂದು ಗಿಡದ ಜಾತಿಗೆ ಆ ವಿಜ್ಞಾನಿಯ ಹೆಸರನ್ನೇ ಇಟ್ಟವರು. ಆಲೂಗಡ್ಡೆ, ಮೆಣಸಿನಕಾಯಿಯಂಥವು ಎಲ್ಲಿಂದ ಬಂದು ನಮ್ಮ ಅಡುಗೆಮನೆ ಸೇರಿದವು ಎಂದು ಹೇಳುವ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕಾ’ವನ್ನೂ ತರಿಸಿ. ಅದು ಕಾಡಿನ ಪುಸ್ತಕ ಅಲ್ಲ. ಆದರೆ ಗಿಡ ಯಾವ ಊರಿನದು ಎಂದು ಕೇಳುವ ಚಟ ನನಗೆ ಹತ್ತಿದ್ದೇ ಅದರಿಂದ.

ಕಾರಂತರ ‘ಬೆಟ್ಟದ ಜೀವ’ (1943) ತೋಟದವರು ಓದಲೇಬೇಕಾದ ಪುಸ್ತಕ. ಕತೆ ನಡೆಯುವುದು ಕುಮಾರಪರ್ವತದ ಬುಡದ ಸೀಮೆಯಲ್ಲಿ. ಸಕಲೇಶಪುರದ ಬಿಸಿಲೆ ಘಾಟಿಯಲ್ಲಿ ನಿಂತರೆ ಎದುರಿಗೆ ಕಾಣುತ್ತದಲ್ಲ, ಅದೇ ಬೆಟ್ಟ. ಕಾಡು ಕಡಿದು ತೋಟ ಎಬ್ಬಿಸಿದ ಗೋಪಾಲಯ್ಯನೇ ಆ ಕಾಡನ್ನು ಜೀವದಂತೆ ಪ್ರೀತಿಸುತ್ತಾನೆ. ಈ ಗಂಟನ್ನು ಕಾರಂತರು ಬಿಚ್ಚುವುದಿಲ್ಲ, ಕೈಗೆ ಕೊಟ್ಟುಬಿಡುತ್ತಾರೆ. ನಮ್ಮ ಕಾಫಿ ತೋಟಗಳೂ ಒಂದು ಕಾಲದ ಕಾಡೇ ಅಲ್ವಾ? ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಬಗ್ಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಅವರು ಹುಟ್ಟಿದ್ದು ನಿಮ್ಮದೇ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಎಂದಷ್ಟೇ ನೆನಪು ಮಾಡುತ್ತೇನೆ. ಮಳೆಗಾಲಕ್ಕೆ ಇಟ್ಟುಕೊಳ್ಳಿ, ದೊಡ್ಡ ಪುಸ್ತಕ. ಜಿಗಣೆ, ಕೆಸರು, ಹಳುವಿನ ನಡುವೆ ಜನ ನಡೆಯುವುದನ್ನು ಹೊರಗೆ ಜಿಟಿಜಿಟಿ ಹಿಡಿದಿರುವಾಗಲೇ ಓದಬೇಕು.

ಇನ್ನೊಂದು ಬಗೆಯ ಪುಸ್ತಕವಿದೆ. ಅದನ್ನು ಯಾರೂ ಓದುವ ಪುಸ್ತಕದ ಪಟ್ಟಿಗೆ ಸೇರಿಸುವುದಿಲ್ಲ. 1976ರಲ್ಲಿ ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಪಾದ್ರಿ ಸೆಸಿಲ್ ಸಲ್ಡಾನಾ ಮತ್ತು 
ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡ್ಯಾನ್ ನಿಕೋಲ್ಸನ್ ಸೇರಿ ಹಾಸನ ಜಿಲ್ಲೆಯ ಸಸ್ಯಗಳ ಒಂದು ದಪ್ಪ ಪುಸ್ತಕ ತಂದರು. ಒಂದು ಜಿಲ್ಲೆಯ ಹೂಬಿಡುವ ಗಿಡಮರಗಳನ್ನೆಲ್ಲ ಹುಡುಕಿ, ಒಣಗಿಸಿ, ಹೋಲಿಸಿ ಬರೆದದ್ದು. ಕೆಲವೇ ವರ್ಷಗಳಲ್ಲಿ ಬೇರೆಯವರಿಂದ ಚಿಕ್ಕಮಗಳೂರು ಜಿಲ್ಲೆಗೂ ಅಂಥದ್ದು ಬಂತು. ನಾನು ಮೊದಲು ಸೇರಿದ ಒಂದು ಕಾಲೇಜಿನಲ್ಲಿ ಹಾಸನದ ಪುಸ್ತಕವನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಬೆಲೆಬಾಳುವ ಪುಸ್ತಕ, ಕಳೆದುಹೋದರೆ ಯಾರು ಕೊಡುತ್ತಾರೆ ಅಂತ. ಬೀಗದ ಕೈ ಇದ್ದವರು ಸದಾ ರಜದಲ್ಲಿ. ಎರಡು ವರ್ಷ ನಾನು ಅದರ ಬೆನ್ನನ್ನಷ್ಟೇ ಓದಿದೆ.

ಕೊನೆಗೂ ಸಿಕ್ಕಿದಾಗ ಅದನ್ನು ಹೆಗಲ ಚೀಲದಲ್ಲಿ ಹಾಕಿಕೊಂಡು ಸಕಲೇಶಪುರದ ಕಡೆಯ ಕಾಡಿಗೆ ಹೋದೆ. ಒಂದು ಮರದ ಕೆಳಗೆ ಕೂತು ಪುಟ ತಿರುಗಿಸಿದ್ದೇ ತಿರುಗಿಸಿದ್ದು. ಅಂಥ ಪುಸ್ತಕಗಳು ಹೂ ಕೇಳುತ್ತವೆ. ಎಸಳು ಎಷ್ಟು, ಕೇಸರ ಎಷ್ಟು ಅಂತ. ಮರ ಹೂ ಬಿಟ್ಟಿರಲಿಲ್ಲ. ಸೌದೆ ಹೊತ್ತು ಬರುತ್ತಿದ್ದ ಅಜ್ಜಿಯೊಬ್ಬರು ನನ್ನ ಅವಸ್ಥೆ ನೋಡಿ ನಿಂತರು. ಕತ್ತಿಯ ತುದಿಯಿಂದ ತೊಗಟೆಗೆ ಚೂರು ಗೀರಿದರು. ಹಳದಿ ಹಾಲು ಒಸರಿತು. “ಉಪ್ಪಾಗೆ ಅಲ್ಲೇನಪ್ಪ” ಅಂದು ಹೊರಟೇಹೋದರು. ಮೀನು ಸಾರಿಗೆ ಹುಳಿ ಕೊಡುವ ಅದೇ ಉಪ್ಪಾಗೆ. ಹೆಸರು ಸಿಕ್ಕ ಮೇಲೆ ಪುಸ್ತಕ ತೆರೆದರೆ ಎಲ್ಲ ವಿವರ ಅಲ್ಲಿತ್ತು. ಅವತ್ತಿನಿಂದ ನನ್ನ ವಿದ್ಯಾರ್ಥಿಗಳಿಗೆ ಒಂದು ನಿಯಮ ಮಾಡಿದೆ: ಪುಸ್ತಕ ತನ್ನಿ, ಜೊತೆಗೆ ಆ ಊರಿನ ಒಬ್ಬರನ್ನೂ ಕರೆತನ್ನಿ. ಹಳೆಯ ಕಾಲೇಜು ಲೈಬ್ರರಿಗಳಲ್ಲಿ ಈ ಎರಡು ಪುಸ್ತಕ ಹುಡುಕಿ. ಪೂರ್ತಿ ಓದುವ ಜಾತಿಯಲ್ಲ. ತೋಟದ ಹತ್ತು ಮರಗಳ ಪುಟ ಓದಿದರೂ ಸಾಕು.

ನಮ್ಮೆರಡು ಜಿಲ್ಲೆ ಅಂದರೆ ಬರೀ ಮಲೆನಾಡು ಅಲ್ಲ, ಇದನ್ನು ಹೇಳದಿದ್ದರೆ ಅರಸೀಕೆರೆ ಗೆಳೆಯರು ನನ್ನನ್ನು ಬಿಡುವುದಿಲ್ಲ. ಕೆನೆತ್ ಆಂಡರ್ಸನ್ ಅವರ ಬೇಟೆಯ ಕತೆಗಳನ್ನು ತೇಜಸ್ವಿ ಕನ್ನಡಕ್ಕೆ ತಂದಿದ್ದಾರೆ. ಆಂಡರ್ಸನ್ ಬರಹದಲ್ಲಿ ಬೀರೂರು ಕಡೆಯ ಎಮ್ಮೆದೊಡ್ಡಿಯ ನರಭಕ್ಷಕ ಬರುತ್ತದೆ, ಅರಸೀಕೆರೆ ಸೀಮೆಯ ಪುಂಡ ಕರಡಿ ಬರುತ್ತದೆ. ಕುರುಚಲು ಗಿಡ, ಬಂಡೆ, ಮುಳ್ಳು. ಅದೂ ಕಾಡೇ. ಅರಸೀಕೆರೆಯ ಗುಡ್ಡಗಳಲ್ಲಿ ಕರಡಿ, ಚಿರತೆ ಈಗಲೂ ಇವೆ. ಬೇಟೆಗಾರನ ಜಂಬವನ್ನು ಸ್ವಲ್ಪ ಸೋಸಿಕೊಂಡು ಓದಬೇಕು, ಅಷ್ಟೇ.

ಹೊರಗಿನ ಪುಸ್ತಕಗಳಲ್ಲಿ ಇನ್ನೊಂದರ ಬಗ್ಗೆ ಎಚ್ಚರಿಕೆ ಹೇಳಬೇಕು. ಫ್ರಾನ್ಸಿನ ಜಿಯೊನೊ 1953ರಲ್ಲಿ ಬರೆದ ಪುಟ್ಟ ಕತೆ, ಒಬ್ಬ ಕುರಿಗಾಹಿ ದಿನಾ ಓಕ್ ಬೀಜ ಬಿತ್ತಿ ಬೋಳು ಗುಡ್ಡವನ್ನು ಕಾಡು ಮಾಡಿದ್ದು. ತುಂಬಾ ಜನ ಅದನ್ನು ನಡೆದ ಕತೆ ಅಂತಲೇ ನಂಬಿದ್ದಾರೆ. ಮರೆಯಲಾಗದ ನಿಜವಾದ ವ್ಯಕ್ತಿಯೊಬ್ಬರ ಬಗ್ಗೆ ಬರೆಯಿರಿ ಎಂದು ಅಮೆರಿಕದ ಪತ್ರಿಕೆಯೊಂದು ಕೇಳಿದ್ದಕ್ಕೆ ಅವರು ಕಟ್ಟಿದ ಪಾತ್ರ ಅದು. ಗೊತ್ತಾದ ಮೇಲೆ ಪತ್ರಿಕೆ ಬೇಡ ಎಂದಿತು. ಕತೆ ಚೆನ್ನಾಗಿದೆ, ಮಗನಿಗೆ ಹೇಳಿ. ಆದರೆ ಅದನ್ನು ಓದಿದ ಹುರುಪಿನಲ್ಲಿ ಬೀಜದ ಉಂಡೆ ಹಿಡಿದು ಮುಳ್ಳಯ್ಯನಗಿರಿ ಹತ್ತಬೇಡಿ! ಪ್ರತಿವರ್ಷ ಯಾರಾದರೂ ಒಳ್ಳೆಯ ಮನಸ್ಸಿನಿಂದ ಈ ತಪ್ಪು ಮಾಡುತ್ತಾರೆ. 1930 ಮೀಟರ್ ಎತ್ತರದ ಆ ಗಿರಿಯ ಬೋಳು ಇಳಿಜಾರು ಯಾರೋ ಕಡಿದು ಬೋಳಾದದ್ದಲ್ಲ. ಅದು ಹುಲ್ಲಿನ ಊರು. ಗಾಳಿ ತಾಗದ, ತಂಪು ನಿಲ್ಲುವ ಕಣಿವೆಯ ಮಡಿಲಲ್ಲಿ ಮಾತ್ರ ಶೋಲಾ ಕಾಡು, ಮೇಲೆಲ್ಲ ಹುಲ್ಲು. ಎರಡೂ ಸೇರಿ ಮಳೆ ನೀರು ಹಿಡಿದು ಬೇಸಿಗೆಯವರೆಗೆ ಸ್ವಲ್ಪ ಸ್ವಲ್ಪವೇ ಬಿಡುತ್ತವೆ. ಹುಲ್ಲಿನ ಮೇಲೆ ಅಕೇಶಿಯಾ ನೆಟ್ಟರೆ ಕಾಡು ಹೆಚ್ಚುವುದಿಲ್ಲ, ಹುಲ್ಲು ಹೋಗುತ್ತದೆ, ಹುಲ್ಲನ್ನು ನಂಬಿದ ಹಕ್ಕಿ, ಹೂ ಎಲ್ಲ ಹೋಗುತ್ತವೆ.

ನೆಟ್ಟವರ ಕತೆಯೇ ಬೇಕಾದರೆ ನಿಜವಾದ ಒಂದು ನಮ್ಮಲ್ಲೇ ಇದೆ. ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ಚಿಕ್ಕಯ್ಯ ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿನ ರಸ್ತೆಯ ಉದ್ದಕ್ಕೂ ನೂರಾರು ಆಲದ ಸಸಿ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದರು. ಅವರು ಜಾಗ ನೋಡಿ ಮರ ಆರಿಸಿದ ರೀತಿ ಗಮನಿಸಿ. ಒಣ ಸೀಮೆಯ ರಸ್ತೆಬದಿ, ನೆರಳಿಗೆ ಆಲ. ಅಕ್ಷರ ಕಲಿಯದ ಅವರು ಜಿಯೊನೊ ಕತೆ ಓದಿರಲಿಲ್ಲ, ಓದಬೇಕಾಗಿಯೂ ಇರಲಿಲ್ಲ.

ಇನ್ನು ಕಾಡಿನಲ್ಲಿ ಧ್ಯಾನ ಮಾಡಿ, ಮರ ತಬ್ಬಿದರೆ ಮನಸ್ಸಿನ ಭಾರ ಇಳಿಯುತ್ತದೆ ಎನ್ನುವ ಹೊಸ ಪುಸ್ತಕಗಳು ವಿಮಾನ ನಿಲ್ದಾಣದ ಅಂಗಡಿಗಳಲ್ಲಿ ರಾಶಿ ಬಿದ್ದಿವೆ. ಓದಿ, ತೊಂದರೆ ಇಲ್ಲ. ಅದರಲ್ಲಿ ಮರದ ಹೆಸರೇ ಬರದಿದ್ದರೆ ನಾನು ಮೂರನೇ ಪುಟಕ್ಕೆ ಮುಚ್ಚಿಡುತ್ತೇನೆ.

ಮರ ತಬ್ಬುವ ಮಾತು ಬಂತಲ್ಲ, ನಿಮ್ಮ ಫೋಟೊಗೆ ಬರೋಣ. ಕಣದ ಪಕ್ಕದ ಮರವನ್ನು ಸದ್ಯಕ್ಕೆ ಯಾರೂ ತಬ್ಬಬೇಡಿ. ಎಲೆ ಒಂದನ್ನೇ ನೋಡಿ ಖಚಿತವಾಗಿ ಹೇಳಲಾರೆ, ಅದೂ ನಿಮ್ಮ ಫೋಟೊದಲ್ಲಿ ತೊಟ್ಟು ಅರ್ಧ ಕತ್ತರಿಸಿಹೋಗಿದೆ. ಆದರೆ ಕೊಂಬೆಯ ತುದಿಯಲ್ಲಿ ಗುಂಪಾಗಿರುವ ದಪ್ಪ ಎಲೆ, ತುದಿ ಕಡೆಗೆ ಅಗಲವಾಗಿರುವುದು ನೋಡಿದರೆ ಒಂದು ಅನುಮಾನ ಇದೆ. ಕೆಳಗೆ ಬಿದ್ದಿರುವ ಹಸಿ ಎಲೆಯನ್ನು ಕೋಲಿನಿಂದ ತಿರುಗಿಸಿ ತೊಟ್ಟು ನೋಡಿ. ತೊಟ್ಟಿನ ಎರಡೂ ಕಡೆ ದಾರದ ತುಂಡಿನಂಥ ಪುಟ್ಟ ಮೊಳಕೆ ಇದ್ದರೆ, ಅಥವಾ ಅದು ಉದುರಿದ ಗುರುತು ಇದ್ದರೆ, ಅದು ಹೊಳಗಾರ. ಗೇರು, ಮಾವಿನ ಕುಟುಂಬದ್ದು. ನಾನು ಹೇಳಿದ ಅಜ್ಜಿಯ ಹಾಗೆ ತೊಗಟೆ ಗೀರಲು ಹೋಗಬೇಡಿ. ಅದರ ರಸ ಗಾಳಿಗೆ ಕಪ್ಪಾಗುತ್ತದೆ. ಬಟ್ಟೆಗೆ ಬಿದ್ದರೆ ಕಲೆ ಹೋಗುವುದಿಲ್ಲ, ಮೈಗೆ ತಾಗಿದರೆ ಉರಿದು ಗುಳ್ಳೆ ಏಳುತ್ತದೆ. ಲೋಕದ ಸಸ್ಯಶಾಸ್ತ್ರಜ್ಞರು ಅದನ್ನು ಹೊಲಿಗಾರ್ನಾ ಎನ್ನುತ್ತಾರೆ. ಕೊಳೆರೋಗದ ಹಾಗೆ ಅದೂ ನಮ್ಮ ಕನ್ನಡದ ಹೆಸರೇ, ಸ್ವಲ್ಪ ನಾಲಿಗೆ ತಿರುಚಿದೆ ಅಷ್ಟೇ.

ಪರೀಕ್ಷೆಗೆ ಇನ್ನೂ ಸುಲಭದ ದಾರಿ ಇದೆ. ಮರಗಸಿಗೆ ಬಂದಿರುವ ಅಣ್ಣಂದಿರಲ್ಲಿ ಹಿರಿಯರೊಬ್ಬರನ್ನು ಆ ಮರದ ಹತ್ತಿರ ಕರೆದುಕೊಂಡು ಹೋಗಿ, “ಇದನ್ನು ಹತ್ತುತ್ತೀರಾ?” ಅಂತ ನಿಮ್ಮ ಮಗನೇ ಕೇಳಲಿ. ಅವರು ಎರಡು ಹೆಜ್ಜೆ ಹಿಂದೆ ಸರಿದು “ಅಯ್ಯೋ ಬೇಡ ಮಾರಾಯ” ಅಂದರೆ ಹೆಸರು ಸಿಕ್ಕಿತು ಅಂದುಕೊಳ್ಳಿ. ಹೂ ಬಿಟ್ಟಾಗ ದೂರದಿಂದಲೇ ಇನ್ನೊಂದು ಫೋಟೊ ಕಳಿಸಿ. ಈ ಸಲ ತೊಟ್ಟು ಕಾಣುವ ಹಾಗೆ.